ಮೂರ್ಛೆ ತಾನಾಗಿಯೇ ಹೇಗೆ ನಿಂತಿತು ಎಂದು ಕೇಳಿದ ಮಗಳನ್ನು ಮಿದುಳಿನ ಸಂಶೋಧನೆಗೆ ಕಳಿಸಬಹುದೇ?

ಪ್ರಶ್ನೆ ಕೇಳಿದವರು: ಸಾಧನಕೇರಿಯ ತಾಯಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ನನ್ನ ಮಗಳು ಇಲ್ಲಿಯೇ ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರ ಅವಳ ವಿಷಯಗಳು. ಅವಳಿಗಿಂತ ಆರು ವರ್ಷ ಚಿಕ್ಕವನಾದ ಮಗನಿಗೆ ಒಂಬತ್ತನೆಯ ವಯಸ್ಸಿನಿಂದ ಮೂರ್ಛೆ ರೋಗವಿದೆ. ಮಾತ್ರೆ ಹತ್ತಿದೆ, ಶಾಲೆಗೆ ಹೋಗುತ್ತಾನೆ, ಆಡುತ್ತಾನೆ. ಎರಡು ವರ್ಷ ಏನೂ ಆಗಿರಲಿಲ್ಲ.

ಕಳೆದ ವರ್ಷ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಮೂವರೂ ಬರುತ್ತಿರುವಾಗ, ನವನಗರ ದಾಟಿದ ಮೇಲೆ, ನಿಂತಿದ್ದ ಹುಡುಗ ಒಮ್ಮೆ ಕೂಗಿ ಬಿದ್ದುಬಿಟ್ಟ. ಬಸ್ಸಿನಲ್ಲಿದ್ದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಧಾವಿಸಿದರು. ಒಬ್ಬರು ಕೀಲಿಗೊಂಚಲು ಕೈಗೆ ತುರುಕಿದರು, ಇನ್ನೊಬ್ಬರು ಸಂತೆಯ ಚೀಲದಿಂದ ಉಳ್ಳಾಗಡ್ಡಿ ತೆಗೆದು ಗುದ್ದಿ ಒಡೆದು ಮೂಗಿಗೆ ಹಿಡಿದರು. ನಾನು ಶಿಕ್ಷಕಿಯಾಗಿದ್ದರೂ ಕೈಕಾಲು ಆಡದೆ ನಿಂತಿದ್ದೆ. ಮಗಳು ತನ್ನ ಓಢಣಿಯನ್ನು ಮಡಚಿ ತಮ್ಮನ ತಲೆಯ ಕೆಳಗಿಟ್ಟು, ಅವನನ್ನು ಎಡ ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ಹಾಕಗೊಡದೆ, ಕೈಗಡಿಯಾರ ನೋಡುತ್ತ ಕುಳಿತಿದ್ದಳು. ಒಂದು ನಿಮಿಷ ಐವತ್ತು ಸೆಕೆಂಡಿಗೆ ನಿಂತಿತು. ಅಂದು ರಾತ್ರಿ ಅವನು ಮಲಗಿದ ಮೇಲೆ ಅವಳು ಕೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಅವ್ವಾ, ಯಾಕ ಬಂತು ಅನ್ನೋದು ಇರ್ಲಿ. ಅದು ತಾನ ಹೆಂಗ ನಿಂತತು?”

ಅಂದಿನಿಂದ ಅವಳು ಮಿದುಳಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದಾಳೆ. ನರವಿಜ್ಞಾನಿಯಾಗಿ ಮೂರ್ಛೆ ರೋಗದ ಮೇಲೆಯೇ ಸಂಶೋಧನೆ ಮಾಡುತ್ತೇನೆ ಎನ್ನುತ್ತಿದ್ದಾಳೆ. ಬಂಧುಗಳು ಬಿ.ಎಡ್. ಮಾಡಿಸಿ ಎನ್ನುತ್ತಾರೆ, ಮಿದುಳಿನ ಕೆಲಸವೆಂದರೆ ಡಾಕ್ಟರೇ ಆಗಬೇಕಲ್ಲವೇ ಎಂದು ಕೇಳುವವರೂ ಇದ್ದಾರೆ. ನನಗೆ ತಿಳಿಯಬೇಕಾದದ್ದು ಇಷ್ಟು. ಇಂಥ ಸಂಶೋಧಕರು ದಿನವಿಡೀ ಮಾಡುವ ಕೆಲಸವಾದರೂ ಏನು? ವೈದ್ಯಕೀಯ ಓದದೆ ಇದರೊಳಗೆ ಹೋಗಲು ಬರುತ್ತದೆಯೇ? ಎಷ್ಟು ವರ್ಷ ಹಿಡಿಯುತ್ತದೆ? ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೇರೆ: ತಮ್ಮನ ಬೇನೆಯನ್ನೇ ಬದುಕಿನ ಕೆಲಸವಾಗಿ ಹೊತ್ತುಕೊಂಡರೆ, ಮದ್ದು ಸಿಗದೆ ವರ್ಷಗಳು ಉರುಳಿದಾಗ ಅವಳು ಕುಗ್ಗಿಹೋಗುವುದಿಲ್ಲವೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ನಿವೃತ್ತ ಪ್ರಾಧ್ಯಾಪಕ, ವಿದ್ಯಾನಗರ, ಹುಬ್ಬಳ್ಳಿ

ತಾಯಿಯವರಿಗೆ ನಮಸ್ಕಾರ. ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಶರೀರಕ್ರಿಯಾಶಾಸ್ತ್ರವನ್ನು ಕಲಿಸಿದವನು. ಸೆಳವು, ಅಂದರೆ ಒಂದು ಸಲದ ಮೂರ್ಛೆ, ಯಾಕೆ ಬರುತ್ತದೆ ಎಂದು ಪ್ರತಿವರ್ಷ ಹತ್ತಾರು ಮಕ್ಕಳು ಕೇಳುತ್ತಿದ್ದರು. ಯಾಕೆ ನಿಲ್ಲುತ್ತದೆ ಎಂದು ಕೇಳಿದವರು ನನಗೆ ನೆನಪಿರುವಂತೆ ಇಬ್ಬರೋ ಮೂವರೋ. ಆದ್ದರಿಂದ ಮೊದಲು ಅವಳ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ತಮ್ಮ ಪ್ರಶ್ನೆಗಳ ಉತ್ತರ ಅದರೊಳಗೇ ಬರುತ್ತದೆ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಸುಮ್ಮನಿರುವ ನರಕೋಶದ ಒಳಗೂ ಹೊರಗೂ ನಡುವೆ ಹೆಚ್ಚುಕಡಿಮೆ 70 ಮಿಲಿವೋಲ್ಟ್ ವಿದ್ಯುತ್ ಅಂತರವಿರುತ್ತದೆ. ಗ್ಲುಟಮೇಟ್ ಎಂಬ ರಾಸಾಯನಿಕ ಅದನ್ನು ಕೆರಳಿಸುತ್ತದೆ, ಗಾಬಾ ಎಂಬ ರಾಸಾಯನಿಕ ತಣಿಸುತ್ತದೆ. ಈ ಎರಡರ ತೂಕ ತಪ್ಪಿ ಸಾವಿರಾರು ಕೋಶಗಳು ಒಂದೇ ತಾಳಕ್ಕೆ ಬಿದ್ದು ಮಿಡಿಯತೊಡಗಿದಾಗ ಸೆಳವು ಉಂಟಾಗುತ್ತದೆ. ದೈವದ ಕಾಟವೆಂದೋ ಗಾಳಿ ಸೋಕಿತೆಂದೋ ಜಗತ್ತಿನ ಎಲ್ಲ ಕಡೆಯೂ ನಂಬಿದ್ದ ಈ ಬೇನೆಯನ್ನು, ಮಿದುಳಿನ ಬೂದು ಭಾಗದಲ್ಲಿ ಹಠಾತ್ತಾಗಿ, ಮಿತಿಮೀರಿ ಆಗುವ ವಿಸರ್ಜನೆ ಎಂದು ಲಂಡನ್ನಿನ ಹ್ಯೂಲಿಂಗ್ಸ್ ಜಾಕ್ಸನ್ 1873ರಲ್ಲಿಯೇ ಬರೆದರು. ಮಿದುಳಿನ ವಿದ್ಯುತ್ತನ್ನು ತಲೆಯ ಮೇಲಿನಿಂದ ಅಳೆಯುವ ಉಪಕರಣ ಆಗ ಇರಲೇ ಇಲ್ಲ. ಕೇವಲ ರೋಗಿಗಳನ್ನು ನೋಡಿ ನೋಡಿ ಅವರು ಆ ನಿಲುವಿಗೆ ಬಂದದ್ದು.

ಇನ್ನು ನಿಲ್ಲುವ ವಿಚಾರ. ಕೋಶಗಳು ದಣಿದು ಸೋತು ನಿಲ್ಲುತ್ತವೆ ಎಂದು ನಾವೆಲ್ಲ ಮೊದಲು ಕಲಿಸುತ್ತಿದ್ದೆವು. ಅಷ್ಟಕ್ಕೇ ಮುಗಿಯುವುದಿಲ್ಲ, ಮಿದುಳು ತನ್ನ ಸೆಳವನ್ನು ತಾನೇ ನಿಲ್ಲಿಸುವ ವ್ಯವಸ್ಥೆಯನ್ನೂ ಇಟ್ಟುಕೊಂಡಿದೆ ಎಂಬುದಕ್ಕೆ ಈಗ ಗಟ್ಟಿಯಾದ ಆಧಾರಗಳಿವೆ. ಸೆಳವಿನ ಸಮಯದಲ್ಲಿ ಕೋಶಗಳು ತಮ್ಮ ಶಕ್ತಿಯನ್ನು ಬೇಗಬೇಗ ವ್ಯಯಿಸಿದಂತೆ ಅಡೆನೊಸಿನ್ ಎಂಬ ವಸ್ತು ಹೊರಗೆ ಸೇರತೊಡಗುತ್ತದೆ. ಅದು ಅಕ್ಕಪಕ್ಕದ ಕೋಶಗಳನ್ನು ಶಾಂತಗೊಳಿಸುತ್ತದೆ. (ನಾವು ಕುಡಿಯುವ ಚಹಾದ ಕೆಫೀನ್ ನಿದ್ದೆ ತಡೆಯುವುದು ಇದೇ ಅಡೆನೊಸಿನ್ನಿನ ದಾರಿಯನ್ನು ಕಟ್ಟಿ ಎಂದರೆ, ದಿನನಿತ್ಯದ ಬದುಕಿಗೆ ಇದು ಎಷ್ಟು ಹತ್ತಿರದ್ದು ಎಂಬುದು ತಿಳಿದೀತು.) ಮೂರ್ಛೆ ರೋಗಿಗಳ ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ ಸೆಳವಿನ ಹೊತ್ತಿಗೆ ಅಡೆನೊಸಿನ್ ಏರುವುದನ್ನು ಡ್ಯೂರಿಂಗ್ ಮತ್ತು ಸ್ಪೆನ್ಸರ್ ಎಂಬ ಸಂಶೋಧಕರು 1992ರಲ್ಲಿ ನೇರವಾಗಿ ಅಳೆದು ತೋರಿಸಿದರು. ಸೆಳವಿನಿಂದ ಮಿದುಳಿನ ದ್ರವ ಆಮ್ಲೀಯವಾಗುವುದೂ ಇನ್ನೊಂದು ಕಾರಣ. ಆ ಆಮ್ಲೀಯತೆಯನ್ನು ಗುರುತಿಸುವ, ಕೋಶದ ಪೊರೆಯಲ್ಲಿನ ಒಂದು ವಾಹಿನಿ (ವಿದ್ಯುತ್ಕಣಗಳು ದಾಟುವ ಬಾಗಿಲು) ಇಲ್ಲದ ಇಲಿಗಳಲ್ಲಿ ಸೆಳವು ಸಲೀಸಾಗಿ ನಿಲ್ಲುವುದಿಲ್ಲವೆಂದು 2008ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದರು. ತಮ್ಮ ಮಗನ ಒಂದು ನಿಮಿಷ ಐವತ್ತು ಸೆಕೆಂಡಿನೊಳಗೆ ಇವೆಲ್ಲ ನಡೆದಿರುತ್ತವೆ.

ಒಮ್ಮೊಮ್ಮೆ ಅದು ನಿಲ್ಲುವುದಿಲ್ಲ. ಐದು ನಿಮಿಷ ದಾಟಿದ ಸೆಳವನ್ನು ತುರ್ತುಸ್ಥಿತಿ ಎಂದೇ ತಿಳಿದು ಆಸ್ಪತ್ರೆಗೆ ಒಯ್ಯಬೇಕು. ತಡವಾದಷ್ಟೂ ಡಯಜೆಪಾಮ್, ಲೊರಾಜೆಪಾಮ್‌ನಂಥ ಚುಚ್ಚುಮದ್ದುಗಳು ಹಿಡಿಯುವುದು ಕಡಿಮೆ ಎಂಬುದನ್ನು ವೈದ್ಯರು ಬಹಳ ಹಿಂದಿನಿಂದ ಕಂಡಿದ್ದರು. ಯಾಕೆ ಹೀಗೆ ಎಂಬ ಒಂದೇ ಪ್ರಶ್ನೆಯ ಹಿಂದೆ ಬಿದ್ದ ನರವಿಜ್ಞಾನಿಗಳಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಜೈದೀಪ್ ಕಪೂರ್ ಒಬ್ಬರು. ಅವರ ವೃತ್ತಿಜೀವನವನ್ನು ತಮ್ಮ ಮಗಳಿಗೆ ಓದಲು ಹೇಳಿ, ಯಾಕೆಂದರೆ ತಾವು ಕೇಳಿದ ‘ಎಷ್ಟು ವರ್ಷ’ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುವಂತಿದೆ. 1997ರಲ್ಲಿ ಅವರೂ ಮ್ಯಾಕ್‌ಡೊನಾಲ್ಡ್ ಎಂಬವರೂ ಸೇರಿ, 45 ನಿಮಿಷ ಸೆಳವು ಮುಂದುವರಿದ ಇಲಿಗಳ ಹಿಪೊಕ್ಯಾಂಪಸ್ಸಿನ ಕೋಶಗಳಲ್ಲಿ ಗಾಬಾ ಗ್ರಾಹಕಗಳು (ಗಾಬಾ ಮತ್ತು ಈ ಔಷಧಗಳು ಬಂದು ಕೂರುವ, ಕೋಶದ ಮೇಲ್ಮೈಯ ತಾಣಗಳು) ಡಯಜೆಪಾಮ್‌ಗೆ ಮೊದಲಿನಂತೆ ಸ್ಪಂದಿಸುವುದಿಲ್ಲವೆಂದು ತೋರಿಸಿದರು. 2005ರಲ್ಲಿ ಅವರ ತಂಡವೂ ಇನ್ನೊಂದು ತಂಡವೂ ಬೇರೆಬೇರೆಯಾಗಿ ಮುಂದಿನ ಹೆಜ್ಜೆ ಇಟ್ಟವು: ಸೆಳವು ಮುಂದುವರಿದಂತೆ ಆ ಗ್ರಾಹಕಗಳು ಕೋಶದ ಮೇಲ್ಮೈಯಿಂದ ಒಳಕ್ಕೆ ಸರಿದುಬಿಡುತ್ತವೆ. ಔಷಧ ಬಂದು ಬಾಗಿಲು ತಟ್ಟುತ್ತದೆ, ಬಾಗಿಲೇ ಅಲ್ಲಿರುವುದಿಲ್ಲ. ಹಾಗಾದರೆ ಮೊದಲ ಔಷಧ ಸೋತಾಗ ಎರಡನೆಯದಾಗಿ ಯಾವುದನ್ನು ಕೊಡಬೇಕು? ಅಮೆರಿಕದ ಅನೇಕ ಆಸ್ಪತ್ರೆಗಳ ತುರ್ತು ಘಟಕಗಳಲ್ಲಿ ಮೂರು ಔಷಧಗಳನ್ನು ತೂಗಿ ನೋಡಿದ ದೊಡ್ಡ ಪರೀಕ್ಷೆಯ ಫಲಿತಾಂಶ 2019ರಲ್ಲಿ ಅವರದೇ ನೇತೃತ್ವದಲ್ಲಿ ಹೊರಬಂತು. ಲೆವೆಟಿರಾಸಿಟಾಮ್ ಶೇ. 47, ಫಾಸ್‌ಫೆನಿಟೋಯಿನ್ ಶೇ. 45, ವಾಲ್‌ಪ್ರೊಯೇಟ್ ಶೇ. 46 ರೋಗಿಗಳಲ್ಲಿ ಸೆಳವನ್ನು ನಿಲ್ಲಿಸಿದವು.

1997ರಿಂದ 2019. ಇಲಿಯ ಒಂದು ಕೋಶದಿಂದ ಆಸ್ಪತ್ರೆಯ ಮಂಚದವರೆಗೆ ಬರಲು 22 ವರ್ಷ. ಬಂದ ಮೇಲೂ ಅರ್ಧಕ್ಕರ್ಧ ರೋಗಿಗಳ ಸೆಳವು ಆ ಔಷಧಗಳಿಗೆ ನಿಲ್ಲಲಿಲ್ಲ. ಇದನ್ನು ಸೋಲೆಂದು ನಾನು ಎಣಿಸುವುದಿಲ್ಲ. ಮೂರೂ ಸಮನಾಗಿವೆ ಎಂಬ ತಿಳಿವಳಿಕೆಯಿಂದ, ತನ್ನ ಬಳಿ ಯಾವುದಿದೆಯೋ ಅದನ್ನು ತಡಮಾಡದೆ ಕೊಡಲು ಹಳ್ಳಿಯ ಕಡೆಯ ಆಸ್ಪತ್ರೆಯ ವೈದ್ಯನಿಗೂ ಧೈರ್ಯ ಬಂತು. ಮಗಳು ಕುಗ್ಗುತ್ತಾಳೆಯೇ ಎಂದು ಕೇಳಿದ್ದೀರಿ. ಮದ್ದು ಕಂಡುಹಿಡಿಯುತ್ತೇನೆ ಎಂದು ಹೊರಟವರು ಕುಗ್ಗುವುದನ್ನು ಕಂಡಿದ್ದೇನೆ. ಒಂದು ಪ್ರಶ್ನೆಯನ್ನು ಬಿಡಿಸುತ್ತೇನೆ ಎಂದು ಹೊರಟವರಿಗೆ ಪ್ರತಿ ಎರಡು ಮೂರು ವರ್ಷಕ್ಕೊಮ್ಮೆಯಾದರೂ ಕಾಲೂರಲು ಒಂದು ನೆಲ ಸಿಗುತ್ತದೆ. ತಮ್ಮ ಮಗಳ ಬಳಿ ಈಗಾಗಲೇ ಪ್ರಶ್ನೆ ಇದೆ.

ಉತ್ತರ: ಬೆಟಗೇರಿಯವ

ಅಕ್ಕಾವರೇ, ನಾನು ಗದಗ-ಬೆಟಗೇರಿಯ ನೇಕಾರರ ಮನೆಯವನು. ಎಂ.ಎಸ್ಸಿ. ಧಾರವಾಡದಲ್ಲಿ ಮಾಡಿ, ಪಿಎಚ್.ಡಿ. ಬೆಂಗಳೂರಿನಲ್ಲಿ ಮುಗಿಸಿ, ಈಗ ಅಲ್ಲಿಯೇ ಇನ್ನೊಂದು ಪ್ರಯೋಗಾಲಯದಲ್ಲಿ ಮೂರ್ಛೆ ರೋಗದ ಮೇಲೆ ಕೆಲಸ ಮಾಡುತ್ತಿದ್ದೇನೆ. ನಾನು ವೈದ್ಯನಲ್ಲ, ಆದ್ದರಿಂದ ತಮ್ಮ ಒಂದು ಪ್ರಶ್ನೆಗೆ ನನ್ನ ಬದುಕೇ ಉತ್ತರ. ದಿನವಿಡೀ ಏನು ಮಾಡುತ್ತಾರೆ ಎಂದು ಕೇಳಿದ್ದೀರಲ್ಲ, ಒಂದು ದಿನವನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಕೃತಕ ಮಿದುಳುದ್ರವವನ್ನು ತಯಾರಿಸುತ್ತೇನೆ. ನೀರಿಗೆ ಉಪ್ಪುಗಳನ್ನೂ ಗ್ಲೂಕೋಸನ್ನೂ ತೂಗಿ ಹಾಕಿ, ಶೇ. 95 ಆಮ್ಲಜನಕ ಮತ್ತು ಶೇ. 5 ಇಂಗಾಲದ ಡೈಆಕ್ಸೈಡ್ ಗುಳ್ಳೆಗಳನ್ನು ಹರಿಸುತ್ತ ಇಡಬೇಕು. ತೂಕದಲ್ಲಿ ಸ್ವಲ್ಪ ತಪ್ಪಿದರೂ ಇಡೀ ದಿನ ವ್ಯರ್ಥ. ಇಲಿಯ ಮಿದುಳನ್ನು ಮಂಜಿನಷ್ಟು ತಣ್ಣನೆಯ ದ್ರವದಲ್ಲಿಟ್ಟು 300 ಮೈಕ್ರೊಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸುತ್ತೇವೆ. ಅಂದರೆ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ತೆಳು. ಸರಿಯಾಗಿ ಕತ್ತರಿಸಿದರೆ ಆ ಬಿಲ್ಲೆ ಸಂಜೆಯವರೆಗೆ ಜೀವಂತವಾಗಿರುತ್ತದೆ. ನಂತರ ಗಾಜಿನ ಸಣ್ಣ ಕೊಳವೆಯನ್ನು ಕಾಯಿಸಿ ಎಳೆದು, ಅದರ ತುದಿಯನ್ನು ಒಂದೆರಡು ಮೈಕ್ರೊಮೀಟರಿಗೆ ಇಳಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೇ ಒಂದು ಕೋಶದ ಮೈಗೆ ತಾಗಿಸಬೇಕು. ತಾಗಿದೊಡನೆ ಕೊಳವೆಯ ಇನ್ನೊಂದು ತುದಿಗೆ ಜೋಡಿಸಿದ ನಳಿಕೆಯಿಂದ ಬಾಯಿಯಲ್ಲಿ ಮೆಲ್ಲಗೆ, ಹಸುಗೂಸು ಹಾಲು ಚೀಪುವಷ್ಟು ಮೆಲ್ಲಗೆ, ಉಸಿರನ್ನು ಎಳೆದುಕೊಂಡಾಗ ಗಾಜೂ ಕೋಶದ ಪೊರೆಯೂ ಬೆಸೆದುಕೊಳ್ಳುತ್ತವೆ. ಪರದೆಯ ಮೇಲಿನ ಗೆರೆ ತಟ್ಟನೆ ಮಟ್ಟಸವಾಗುತ್ತದೆ. ಆ ಮೇಲೆ ಆ ಒಂದು ಕೋಶದ ವಿದ್ಯುತ್ತನ್ನು ಅರ್ಧ ಗಂಟೆ ಕೇಳಬಹುದು. ಒಂದು ದಿನಕ್ಕೆ ಮೂರು ಕೋಶ ಸಿಕ್ಕರೆ ಹಬ್ಬ. ಒಂದೂ ಸಿಗದ ವಾರಗಳೂ ಇವೆ.

ಪಿಎಚ್.ಡಿ.ಯ ಮೊದಲ ಎಂಟು ತಿಂಗಳಲ್ಲಿ ನನ್ನ ಕೈಗೆ ಒಂದು ಕೋಶವೂ ನಿಲ್ಲಲಿಲ್ಲ. ಊರಿಗೆ ಬಂದಾಗ ಇದನ್ನು ಅಪ್ಪನಿಗೆ ಹೇಳಿದೆ. ಅವರು ಮಗ್ಗದಲ್ಲಿ ಕುಳಿತು ಹರಿದ ಎಳೆಯನ್ನು ಗಂಟು ಹಾಕುತ್ತಿದ್ದರು. ಎಂಜಲು ಹಚ್ಚಿದ ಬೆರಳಿನಿಂದ ಎರಡು ತುದಿಗಳನ್ನು ಒಮ್ಮೆ ಹೊಸೆದು, ಎಳೆಯದೆಯೇ ಬಿಟ್ಟರು, ಗಂಟು ಕೂತಿತ್ತು. “ಎಳದರ ಹರೀತೈತಿ. ಅದು ತಾನ ಕೂಡೂತನಕ ತಡಿಬೇಕು” ಎಂದರು. ಮರಳಿ ಹೋದ ಮೇಲೆ ನಾನು ಉಸಿರೆಳೆಯುವ ರಭಸವನ್ನು ಕಡಿಮೆ ಮಾಡಿದೆ. ಆ ತಿಂಗಳು ಮೊದಲ ಕೋಶ ಸಿಕ್ಕಿತು.

ಒಂದು ಕೋಶವನ್ನು ಕೇಳಿ ಸಿಗುವುದೇನು ಎಂದು ಅನ್ನಿಸಬಹುದು. ಡ್ರಾವೆ ಸಿಂಡ್ರೋಮ್ ಎಂಬ, ಎಳೆಗೂಸುಗಳಿಗೆ ಬರುವ ಕಠಿಣವಾದ ಮೂರ್ಛೆ ರೋಗವಿದೆ. ಫ್ರಾನ್ಸಿನ ವೈದ್ಯೆ ಶಾರ್ಲೊಟ್ ಡ್ರಾವೆ ಇದನ್ನು 1978ರಲ್ಲಿ ವಿವರಿಸಿದರು. ಸೋಡಿಯಂ ವಾಹಿನಿಯ ಒಂದು ಜೀನಿನಲ್ಲಿ ದೋಷವಿರುವುದು 2001ರಲ್ಲಿ ಗೊತ್ತಾಯಿತು. ಸೋಡಿಯಂ ವಾಹಿನಿ ಕೋಶವನ್ನು ಕೆರಳಿಸುವ ಬಾಗಿಲು. ಅದು ಕೆಟ್ಟರೆ ಕೋಶ ಮಂಕಾಗಬೇಕು, ಸೆಳವು ಕಡಿಮೆಯಾಗಬೇಕು. ಆದರೆ ಮಕ್ಕಳಿಗೆ ಸೆಳವು ಹೆಚ್ಚುತ್ತಿತ್ತು. ಈ ಒಗಟನ್ನು ಬಿಡಿಸಿದ್ದು ಸಿಯಾಟಲ್ಲಿನ ವಿಲಿಯಂ ಕ್ಯಾಟರಾಲ್ ಅವರ ಪ್ರಯೋಗಾಲಯ. ಅದೇ ದೋಷವಿರುವ ಇಲಿಮರಿಗಳ ಕೋಶಗಳನ್ನು ಒಂದೊಂದಾಗಿ ಕೇಳಿದಾಗ, ಮಂಕಾದದ್ದು ಮುಖ್ಯವಾಗಿ ತಣಿಸುವ ಕೋಶಗಳು ಎಂದು 2006ರಲ್ಲಿ ತಿಳಿಯಿತು. ಬೆಂಕಿ ಆರಿಸುವವರ ಕೈಯ ಕೊಡವೇ ಒಡೆದಿತ್ತು. ಸೋಡಿಯಂ ವಾಹಿನಿಯನ್ನು ತಡೆಯುವ ಕಾರ್ಬಮಜೆಪೈನ್‌ನಂಥ ಮಾತ್ರೆಗಳು ಬೇರೆ ಎಷ್ಟೋ ರೋಗಿಗಳಿಗೆ ಒಳ್ಳೆಯದು ಮಾಡಿದರೂ ಈ ಮಕ್ಕಳಿಗೆ ಯಾಕೆ ಕೆಡುಕು ಮಾಡುತ್ತವೆ ಎಂಬುದಕ್ಕೆ ಅಲ್ಲಿ ಕಾರಣ ದೊರೆಯಿತು. ಇಂದು ಮಗುವಿನ ಜೀನ್ ಪರೀಕ್ಷೆ ಮಾಡಿಸಿ ಮಾತ್ರೆ ಆರಿಸುವ ವೈದ್ಯರ ಹಿಂದೆ, ಕತ್ತಲೆ ಕೋಣೆಯಲ್ಲಿ ಗಾಜಿನ ಕೊಳವೆ ಹಿಡಿದು ಕುಳಿತವರ ವರ್ಷಗಳಿವೆ.

ಇನ್ನು ದಾರಿ. ಬಿ.ಎಸ್ಸಿ. ಆದ ಮೇಲೆ ಎಂ.ಎಸ್ಸಿ. ಆಗಲಿ, ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ ಯಾವುದಾದರೂ ನಡೆದೀತು, ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೇ ಓದಬಹುದು. ಆಮೇಲೆ ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಎಂಬ ಸಂಶೋಧನಾ ಶಿಷ್ಯವೇತನ ಪಡೆದರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000 ರೂಪಾಯಿ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ, ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ, ಇವೆಲ್ಲ ನೋಡಬೇಕಾದ ಸ್ಥಳಗಳು. ಪಿಎಚ್.ಡಿ.ಗೆ ಐದಾರು ವರ್ಷ, ಅದರ ಮೇಲೆ ಮೂರು ನಾಲ್ಕು ವರ್ಷದ ತರಬೇತಿ. ಸ್ವಂತ ಪ್ರಯೋಗಾಲಯ ಸಿಗುವಾಗ ವಯಸ್ಸು ಮೂವತ್ತೈದು ದಾಟಿರುತ್ತದೆ, ಮತ್ತು ಎಲ್ಲರಿಗೂ ಸಿಗುವುದಿಲ್ಲ. ಈ ಮಾತನ್ನು ಅವಳಿಂದ ಮುಚ್ಚಿಡಬೇಡಿ. ಎಂ.ಎಸ್ಸಿ.ಗೆ ಮೊದಲೇ ನಮ್ಮ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಲಿ. ಎರಡು ತಿಂಗಳು ಪ್ರಯೋಗಾಲಯದಲ್ಲಿ ಇದ್ದರೆ ತನಗೆ ಇದು ಒಗ್ಗುವುದೋ ಇಲ್ಲವೋ ಎಂದು ಅವಳಿಗೇ ತಿಳಿಯುತ್ತದೆ.

ಸಾಧನಕೇರಿಯ ತಾಯಿ:

ಇಬ್ಬರಿಗೂ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ. ಮಗಳಿಗೆ ಎರಡೂ ಉತ್ತರಗಳನ್ನು ಓದಿ ಹೇಳಿದೆ. ಇಲಿಗಳ ಮಾತು ಬಂದಾಗ ಅವಳು ಸುಮ್ಮನಾದಳು. ನಾವು ಮನೆಯಲ್ಲಿ ಇರುವೆಗೂ ಸಕ್ಕರೆ ಇಡುವವರು. ತಮ್ಮನಿಗೆ ಆದದ್ದನ್ನು ಕಂಡವಳು ಅದನ್ನೇ ಒಂದು ಪ್ರಾಣಿಗೆ ತಾನೇ ಬರಿಸಬೇಕಾಗುತ್ತದೆಯೇ ಎಂದು ಕೇಳುತ್ತಿದ್ದಾಳೆ. ಬೆಟಗೇರಿಯ ಸಹೋದರರು ಈ ಬಗ್ಗೆ ಮನಸ್ಸು ಬಿಚ್ಚಿ ಹೇಳಬೇಕು.

ಉತ್ತರ: ಬೆಟಗೇರಿಯವ

ಹೌದು, ಅಕ್ಕಾ, ಕೆಲವು ಕೆಲಸಗಳಲ್ಲಿ ಬರಿಸಬೇಕಾಗುತ್ತದೆ. ಮೊದಲ ಸಲ ನಾನು ಅದನ್ನು ನೋಡಿದ ದಿನ ಊಟ ಮಾಡಲಿಲ್ಲ. ಪ್ರತಿ ಸಂಸ್ಥೆಯಲ್ಲಿಯೂ ಪ್ರಾಣಿಪ್ರಯೋಗದ ನೈತಿಕ ಸಮಿತಿ ಇರುತ್ತದೆ. ಎಷ್ಟು ಪ್ರಾಣಿಗಳು, ಯಾಕೆ, ಬೇರೆ ದಾರಿ ಇಲ್ಲವೇ, ನೋವು ಕಡಿಮೆ ಮಾಡಲು ಏನು ಮಾಡುತ್ತೀರಿ ಎಂದು ಬರೆದು ಕೊಟ್ಟು ಒಪ್ಪಿಗೆ ಪಡೆಯದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಆದರೂ ಒಪ್ಪಿಗೆಯ ಕಾಗದ ಮನಸ್ಸನ್ನು ಹಗುರ ಮಾಡುವುದಿಲ್ಲ. ನಾನು ಮಾಡಿಕೊಂಡ ಒಂದು ಕಟ್ಟುಪಾಡು ಎಂದರೆ, ಪ್ರಯೋಗದಲ್ಲಿ ಬಳಸಿದ ಪ್ರತಿ ಪ್ರಾಣಿಯ ದಾಖಲೆಯನ್ನು ಫಲಿತಾಂಶ ಚೆನ್ನಾಗಿ ಬರಲಿ ಬಿಡಲಿ ಪೂರ್ತಿ ಬರೆದಿಡುವುದು. ಕೆಟ್ಟು ಹೋದ ಪ್ರಯೋಗವನ್ನು ಬರೆಯದೆ ಬಿಟ್ಟರೆ ಇನ್ನೊಬ್ಬರು ಅದನ್ನೇ ಮತ್ತೆ ಮಾಡುತ್ತಾರೆ, ಆ ಜೀವ ಎರಡು ಸಲ ವ್ಯರ್ಥವಾಗುತ್ತದೆ.

ಒಲ್ಲೆನೆಂದರೂ ಅವಳಿಗೆ ಬಾಗಿಲು ಮುಚ್ಚುವುದಿಲ್ಲ. ಮೂರ್ಛೆ ರೋಗಕ್ಕಾಗಿ ಶಸ್ತ್ರಚಿಕಿತ್ಸೆಯಾದಾಗ ತೆಗೆದ ಮಿದುಳಿನ ಭಾಗವನ್ನು ರೋಗಿಯ ಒಪ್ಪಿಗೆಯಿಂದ ಅಧ್ಯಯನ ಮಾಡುವವರಿದ್ದಾರೆ. ನಿಮ್ಹಾನ್ಸ್‌ನಲ್ಲಿ ದಾನವಾಗಿ ಬಂದ ಮಿದುಳುಗಳ ಸಂಗ್ರಹವೇ ಇದೆ. ಕುಟುಂಬಗಳ ರಕ್ತದ ಮಾದರಿಯಿಂದ ಜೀನುಗಳನ್ನು ಹುಡುಕುವ ಕೆಲಸ ಜಕ್ಕೂರಿನಲ್ಲಿ ಬಹಳ ವರ್ಷಗಳಿಂದ ನಡೆದಿದೆ. ಗಣಿತ ಬಲ್ಲವರು ಮಿದುಳಲೆಗಳ ದಾಖಲೆಯ ಮೇಲೆಯೇ ಜೀವಮಾನದ ಕೆಲಸ ಮಾಡುತ್ತಾರೆ. ಅವಳು ಸುಮ್ಮನಾದಳು ಎಂದಿರಲ್ಲ, ಆ ಸುಮ್ಮನಾಗುವ ಮನಸ್ಸು ಉಳ್ಳವರೇ ಪ್ರಾಣಿಗಳ ಕೋಣೆಗೆ ಹೋಗಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ನಿರ್ಧಾರ ಮಾತ್ರ ಅವಳದೇ ಆಗಿರಲಿ.

ಉತ್ತರ: ಇಇಜಿ ಕೋಣೆಯಾಕೆ, ಹಾವೇರಿ

ಮೇಡಂ, ನಾನು ವಿಜ್ಞಾನಿಯಲ್ಲ, ಹಾವೇರಿ ಜಿಲ್ಲೆಯವಳು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಹನ್ನೆರಡು ವರ್ಷದಿಂದ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ, ತೆಗೆಯುತ್ತಿದ್ದೇನೆ. ದೊಡ್ಡವರ ಮಾತಿನ ನಡುವೆ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಆದರೆ ತಮ್ಮ ಮಗಳು ಮುಂದೆ ಯಾವ ಸಂಶೋಧನೆ ಮಾಡಿದರೂ ಅದರ ಮೊದಲ ತುದಿ ನಮ್ಮಂಥವರ ಕೋಣೆಯಲ್ಲಿರುತ್ತದೆ ಎನ್ನಿಸಿ ಬರೆಯುತ್ತಿದ್ದೇನೆ.

ಹಿಂದಿನ ದಿನ ತಲೆ ತೊಳೆದುಕೊಂಡು ಎಣ್ಣೆ ಹಚ್ಚದೆ ಬರಲು ಹೇಳಿರುತ್ತೇವೆ. ಹಳ್ಳಿಯಿಂದ ಬರುವ ತಾಯಂದಿರು ಮಗಳನ್ನು ಆಸ್ಪತ್ರೆಗೆ ಕೆದರಿದ ತಲೆಯಲ್ಲಿ ತರುವುದು ಹೇಗೆಂದು ಎಣ್ಣೆ ಹಚ್ಚಿ, ಬಿಗಿಯಾಗಿ ಹೆರಳು ಹಾಕಿ, ಮಲ್ಲಿಗೆ ಮುಡಿಸಿ ಕರೆತರುತ್ತಾರೆ. ಹೂವನ್ನು ತೆಗೆದು ಅವರ ಕೈಗೇ ಕೊಟ್ಟು ಮತ್ತೆ ತಲೆ ತೊಳೆಸಬೇಕು. ಆಮೇಲೆ ಟೇಪಿನಿಂದ ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಅಳೆದು, ಅದರ ಶೇ. 10 ಮತ್ತು ಶೇ. 20ರ ಲೆಕ್ಕದಲ್ಲಿ ಪೆನ್ಸಿಲ್ ಗುರುತು ಹಾಕಿ, ಆ ಜಾಗದ ಚರ್ಮವನ್ನು ಉಜ್ಜಿ, ಪೇಸ್ಟ್ ಹಚ್ಚಿ ಒಂದೊಂದೇ ಎಲೆಕ್ಟ್ರೋಡ್ ಕೂರಿಸುತ್ತೇವೆ. ಜರ್ಮನಿಯ ಯೇನಾ ನಗರದ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಸಲ ಮನುಷ್ಯನ ತಲೆಯ ಮೇಲಿನಿಂದ ಈ ಅಲೆಗಳನ್ನು ಪಡೆದು, ಐದು ವರ್ಷ ತನ್ನನ್ನು ತಾನೇ ನಂಬದೆ ಪರೀಕ್ಷಿಸಿ 1929ರಲ್ಲಿ ಪ್ರಕಟಿಸಿದರೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ, ಅಲೆಯ ಎತ್ತರ ಅಂಥ ಕೆಲವು ಹತ್ತು ಪಾಲುಗಳಷ್ಟು ಮಾತ್ರ. ರೋಗಿ ಕಣ್ಣು ಮಿಟುಕಿಸಿದರೂ ಹಲ್ಲು ಕಚ್ಚಿದರೂ ಗೆರೆ ಜಿಗಿಯುತ್ತದೆ. ಎಲೆಕ್ಟ್ರೋಡ್ ಸಡಿಲವಾದರೆ ಗೋಡೆಯ ಕರೆಂಟೇ ಅಲೆಯಾಗಿ ಕಾಣುತ್ತದೆ. ಅದನ್ನು ರೋಗವೆಂದು ಬರೆದುಬಿಟ್ಟರೆ ಒಂದು ಮಗು ಬೇಡದ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಕಾಗುತ್ತದೆ. ಅದಕ್ಕೇ ನಾನು ಹನ್ನೆರಡು ವರ್ಷವಾದರೂ ಪ್ರತಿ ಗುರುತನ್ನೂ ಟೇಪಿನಿಂದಲೇ ಅಳೆಯುತ್ತೇನೆ, ಕಣ್ಣಳತೆಯಲ್ಲಿ ಹಾಕುವುದಿಲ್ಲ.

ಕಳೆದ ತಿಂಗಳು ತರಗತಿಯಲ್ಲಿ ಕನಸು ಕಾಣುತ್ತಾಳೆಂದು ಬೈಸಿಕೊಳ್ಳುತ್ತಿದ್ದ ಏಳು ವರ್ಷದ ಹುಡುಗಿಯನ್ನು ಕರೆತಂದಿದ್ದರು. ಮೂರು ನಿಮಿಷ ಜೋರಾಗಿ ಉಸಿರಾಡಿಸುವ ಪರೀಕ್ಷೆ ಇರುತ್ತದೆ. ಗಿರಿಗಿಟ್ಲೆ ಊದಲು ಕೊಟ್ಟೆ. ಊದುತ್ತ ಊದುತ್ತ ತಟ್ಟನೆ ನಿಲ್ಲಿಸಿದಳು, ಕಣ್ಣು ತೆರೆದೇ ಇತ್ತು, ಗಿರಿಗಿಟ್ಲೆ ಇನ್ನೂ ತಿರುಗುತ್ತಿತ್ತು. ಪರದೆಯ ಮೇಲೆ ಸೆಕೆಂಡಿಗೆ ಮೂರರಂತೆ ಮೊನೆ ಮತ್ತು ಅಲೆಗಳು ತಲೆಯ ಎಲ್ಲ ಕಡೆಯೂ ಒಮ್ಮೆಲೇ ಸಾಲುಗಟ್ಟಿದವು. ಹನ್ನೊಂದು ಸೆಕೆಂಡು. ಮತ್ತೆ ಊದಲು ಶುರು ಮಾಡಿದಳು, ನಡುವೆ ಏನಾಯಿತೆಂದು ಅವಳಿಗೆ ಗೊತ್ತೇ ಇಲ್ಲ. ಹೊರಗೆ ಕುಳಿತಿದ್ದ ಅವಳ ತಂದೆಗೆ ವೈದ್ಯರು ಇದನ್ನು ತೋರಿಸಿ, ಇದೂ ಒಂದು ಬಗೆಯ ಸೆಳವು ಎಂದಾಗ ಅವರು, ಹುಡುಗಿಗೆ ಹೊಡೆದಿದ್ದೆ ಎಂದು ಅತ್ತುಬಿಟ್ಟರು.

ಇನ್ನೊಂದು ಮಾತು ಹೇಳಬೇಕು. ಸಂಶೋಧನೆ ಎಂದರೆ ಎಲ್ಲ ವಿದೇಶದಲ್ಲೇ ಆದದ್ದು ಎಂದು ತಮ್ಮ ಮಗಳು ತಿಳಿಯಬಾರದು. ಬಿಸಿನೀರನ್ನು ತಲೆಯ ಮೇಲೆ ಸುರಿದುಕೊಂಡಾಗ ಮಾತ್ರ ಬರುವ ಮೂರ್ಛೆ ನಮ್ಮ ಕರ್ನಾಟಕದ ದಕ್ಷಿಣ ಜಿಲ್ಲೆಗಳಲ್ಲಿ ಹೆಚ್ಚು. ನಿಮ್ಹಾನ್ಸ್‌ನ ಡಾ. ಪಿ. ಸತೀಶಚಂದ್ರ ಮತ್ತು ಜೊತೆಯವರು ಇಂಥ 279 ರೋಗಿಗಳ ವಿವರವನ್ನು 1988ರಲ್ಲಿ ಪ್ರಕಟಿಸಿದರು. ಮನೆಯವರು ತಂಬಿಗೆಯಿಂದ ಬೇಗಬೇಗ ನೀರು ಹೊಯ್ಯುತ್ತಾರೆ, ನೀರು ಎಷ್ಟು ಬಿಸಿ ಇರುತ್ತದೆ ಎಂದು ಕೇಳಿ ಬರೆದುಕೊಂಡದ್ದರಿಂದಲೇ ಆ ಕೆಲಸ ಶುರುವಾಯಿತು. ಆಮೇಲೆ ಇಲಿಗಳಲ್ಲಿ ಪರೀಕ್ಷೆ, ಆಮೇಲೆ ಕುಟುಂಬಗಳಲ್ಲಿ ಜೀನಿನ ಹುಡುಕಾಟ. ಈಗ ಅಂಥವರಲ್ಲಿ ಎಷ್ಟೋ ಜನರಿಗೆ ನೀರಿನ ಬಿಸಿ ಕಡಿಮೆ ಮಾಡುವುದು, ತಲೆಸ್ನಾನಕ್ಕೆ ಮೊದಲು ವೈದ್ಯರು ಹೇಳಿದಂತೆ ಒಂದು ಮಾತ್ರೆ ತೆಗೆದುಕೊಳ್ಳುವುದು ಇಷ್ಟರಲ್ಲೇ ಮುಗಿಯುತ್ತದೆ. ಅದೇ ರೀತಿ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಮತ್ತು ಅವರ ತಂಡ, ಫಿನೊಬಾರ್ಬಿಟಾಲ್, ಫೆನಿಟೋಯಿನ್ ಎಂಬ ಅಗ್ಗದ ಹಳೆಯ ಮಾತ್ರೆಗಳಿಂದಲೇ ಹಳ್ಳಿಯ ಜನರ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದ ವರದಿ 2001ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ನಮ್ಮ ಕಡೆ ಹೆಣ್ಣುಮಕ್ಕಳ ಹೆಸರನ್ನು ಇಇಜಿ ಕಾಗದದಲ್ಲಿ ಬರೆಸಲು ತಂದೆತಾಯಿ ಇನ್ನೂ ಹಿಂಜರಿಯುತ್ತಾರೆ, ಮದುವೆಗೆ ಅಡ್ಡಿಯಾದೀತೆಂದು. ಮೂರ್ಛೆ ರೋಗವನ್ನು ವಿವಾಹ ಅಸಿಂಧುಗೊಳಿಸುವ ಕಾರಣಗಳಿಂದ 1999ರಲ್ಲಿಯೇ ಕಾನೂನು ತೆಗೆದುಹಾಕಿದೆ ಎಂದು ಹೇಳಿದರೆ ನಂಬುವುದಿಲ್ಲ. ಬೇನೆಯ ಮನೆಯಲ್ಲೇ ಬೆಳೆದ ಹುಡುಗಿ ವಿಜ್ಞಾನಿಯಾಗಿ ಬಂದು ಅವರೆದುರು ಕುಳಿತು ಕನ್ನಡದಲ್ಲಿ ಹೇಳಿದರೆ ನಂಬಿಯಾರು ಎಂಬ ಆಸೆ ನನಗಿದೆ.

ಸಾಧನಕೇರಿಯ ತಾಯಿ:

ತಮ್ಮ ಬರಹವನ್ನು ಮಗಳು ಎರಡು ಸಲ ಓದಿದಳು. ಬಸ್ಸಿನ ಆ ದಿನದಿಂದ ಅವಳೊಂದು ನೋಟ್‌ಬುಕ್ ಇಟ್ಟಿದ್ದಾಳಂತೆ. ನನಗೆ ಈಗ ಗೊತ್ತಾಯಿತು. ತಮ್ಮನ ಮಾತ್ರೆಯ ಸಮಯ, ನಿದ್ದೆ, ಜ್ವರ, ಪರೀಕ್ಷೆಯ ದಿನಗಳು ಎಲ್ಲ ಅದರಲ್ಲಿವೆ. ಆಮೇಲೆ ಆದ ಒಂದೇ ಒಂದು ಸೆಳವನ್ನೂ ಬರೆದಿದ್ದಾಳೆ. ಅವಳ ಒಂದು ಸಂದೇಹವನ್ನು ತಮ್ಮಲ್ಲಿ ಕೇಳಲು ಹೇಳಿದ್ದಾಳೆ: ಸೆಳವಿನ ಅವಧಿಯನ್ನು ಎಲ್ಲಿಂದ ಎಲ್ಲಿಯವರೆಗೆ ಲೆಕ್ಕ ಹಾಕಬೇಕು? ಕೂಗಿದಲ್ಲಿಂದಲೋ, ಕೈಕಾಲು ಬಡಿಯತೊಡಗಿದಲ್ಲಿಂದಲೋ? ಕೊನೆ ಎಂದರೆ ಬಡಿತ ನಿಂತದ್ದೋ, ಅವನು ಮಾತನಾಡಿದ್ದೋ?

ಉತ್ತರ: ಇಇಜಿ ಕೋಣೆಯಾಕೆ, ಹಾವೇರಿ

ಮೈ ಬಿಗಿದ ಅಥವಾ ಕೂಗಿದ ಕ್ಷಣದಿಂದ, ಯಾವುದು ಮೊದಲೋ ಅಲ್ಲಿಂದ, ಕೊನೆಯ ಬಡಿತದವರೆಗೆ. ಅವನು ಹೆಸರು ಕೇಳಿದರೆ ಸರಿಯಾಗಿ ಉತ್ತರಿಸುವವರೆಗಿನ ಸಮಯವನ್ನು ಬೇರೆ ಸಾಲಿನಲ್ಲಿ ಬರೆಯಲಿ, ಎರಡನ್ನೂ ಕೂಡಿಸಬಾರದು. ಮೊದಲು ಯಾವ ಕಡೆಗೆ ಕಣ್ಣು ಅಥವಾ ತಲೆ ತಿರುಗಿತು ಎಂಬುದನ್ನೂ ಬರೆಯಲಿ. ವೈದ್ಯರು ಮೊದಲು ಕೇಳುವುದು ಅದನ್ನೇ. ಜೊತೆಗೆ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ, ಒಬ್ಬಳೇ ಇದ್ದರೆ ಬೇಡ, ಆಗ ಅವಳ ಎರಡೂ ಕೈ ತಮ್ಮನಿಗೆ ಬೇಕಾಗುತ್ತವೆ. ಮುಂದಿನ ಸಲ ಅವನನ್ನು ಇಇಜಿಗೆ ಕರೆದೊಯ್ದಾಗ ಆ ನೋಟ್‌ಬುಕ್ಕನ್ನು ಒಯ್ಯಲು ಮರೆಯಬೇಡಿ.